ಕುದುರೆ ಬಂತು, ಬೆನ್ನಿಗೊಪ್ಪುವ ಜೀನು ಎಲ್ಲಿ?

ಮೈಸೂರು: ಕುದುರೆ ಕಂಡ್ರೆ ಕಾಲ್ನೋವು ಎಂಬ ಗಾದೆ ಊರಿಗೆಲ್ಲಾ ಗೊತ್ತು. ಹತ್ತಿದವನ ಕಾಲ್ನೋವೇನೋ ಹೋಯಿತು, ಹೊತ್ತ ಕುದುರೆಯ ಬೆನ್ನುನೋವಿನ ಗತಿ ಏನು? ಅದಕ್ಕೆ ಗಾದೆಯೂ ಇಲ್ಲ, ಕೇಳುವವರೂ ಇಲ್ಲ.

ಅರಮನೆಯ ಸುತ್ತಮುತ್ತ ಟಾಂಗಾ ಹೊಡೆದು ಹೊಟ್ಟೆ ಹೊರೆಯುವ ಸಂಸಾರವೊಂದರ ಹಿರಿಮಗ ಈಚೆಗೆ ಒಂದು ಪೋನಿ ಕೊಂಡ. ಹುಡುಗನ ವಯಸ್ಸು ಇಪ್ಪತ್ಮೂರು. ಅಪ್ಪನ ಕಾಲದಂತೆ ಈಗ ಟಾಂಗಾಕ್ಕೆ ಸವಾರಿ ಇಲ್ಲ. ಊರವರು ಆಟೋ ಹತ್ತುತ್ತಾರೆ, ಟಾಂಗಾ ಹತ್ತುವವರು ಹೆಚ್ಚಾಗಿ ಪ್ರವಾಸಿಗರು. ಸಂಜೆ ಹೊತ್ತು ಮಕ್ಕಳನ್ನು ಕೂರಿಸಿ ಒಂದೊಂದು ಸುತ್ತು ಹೊಡೆಸಿದರೆ ಮನೆಖರ್ಚಿಗಾದರೂ ಆದೀತೆಂಬುದು ಅವನ ಲೆಕ್ಕ. ತಾಯಿಯ ಬಳೆ ಅಡವಿಗೆ ಹೋಯಿತು. ತಮಿಳುನಾಡಿನ ಈರೋಡ್ ಜಿಲ್ಲೆಯ ಅಂದಿಯೂರಿನಲ್ಲಿ ಆಡಿ ಮಾಸದಲ್ಲಿ ನಡೆಯುವ ಗುರುನಾಥಸ್ವಾಮಿ ಜಾತ್ರೆ ಕುದುರೆ ಸಂತೆಗೆ ಹೆಸರುವಾಸಿ. ಅಲ್ಲಿಂದ ಕಂದು ಬಣ್ಣದ ಹೆಣ್ಣು ತಟ್ಟು ಲಾರಿ ಹತ್ತಿ ಮೈಸೂರಿಗೆ ಬಂತು. ಹೆಗಲೆತ್ತರ 50 ಇಂಚು. ಒದೆಯುವುದಿಲ್ಲ, ಕಚ್ಚುವುದಿಲ್ಲ, ಮಕ್ಕಳು ಬಾಲ ಹಿಡಿದರೂ ಸುಮ್ಮನೆ ನಿಲ್ಲುತ್ತದೆ.

ಹಲ್ಲು ನೋಡಿದ್ದಾಯಿತು, ಗೊರಸು ನೋಡಿದ್ದಾಯಿತು, ಸುಳಿ ನೋಡಿದ್ದಾಯಿತು. ಜೀನಿನ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ. "ಜೀನು ತಾನೆ? ಎಲ್ಲಾದ್ರೂ ಸಿಕ್ಕೇ ಸಿಗ್ತದೆ ಬಿಡಿ" ಎಂದಿದ್ದ ಹುಡುಗ. ಸಿಕ್ಕಿದ್ದೂ ಉಂಟು. ಒಂದಲ್ಲ, ಮೂರು. ಮೂರೂ ಆ ಬೆನ್ನಿಗೆ ಒಗ್ಗಲಿಲ್ಲ.

ಮೂರು ಜೀನು, ಮೂರು ತರಲೆ

ಮೊದಲನೆಯದು ಮನೆಯಲ್ಲೇ ಇದ್ದ ಟಾಂಗಾದ ಜೀನು. ಎರಡು ಚಕ್ರದ ಗಾಡಿಯ ಮೂಕಿಯ ಭಾರ ಒಂದಿಷ್ಟು ಕುದುರೆಯ ಬೆನ್ನ ಮೇಲೂ ಬೀಳುತ್ತದೆ. ಆ ಭಾರ ತಡೆಯಲೆಂದೇ ಬೆನ್ನಿಗೆ ಅಡ್ಡಲಾಗಿ ಕಟ್ಟುವ ಕಿರಿದಾದ ಮೆತ್ತೆ ಅದು. ಮನುಷ್ಯ ಕೂರಲಿ ಎಂದು ಮಾಡಿದ್ದಲ್ಲ. ಅದರ ಮೇಲೆ ಕಂಬಳಿ ಮಡಿಸಿ ಹಾಕಿ ಮಗು ಕೂರಿಸಿದರೆ ಇಡೀ ಭಾರ ನಾಲ್ಕು ಬೆರಳಗಲದ ಜಾಗಕ್ಕೆ ಬೀಳುತ್ತದೆ. ಹುಡುಗನ ತಂದೆಯೇ ಬೇಡವೆಂದರು.

ಎರಡನೆಯದು ಮದುವೆ ಮೆರವಣಿಗೆಯ ಜೀನು. ಮೇಲೆ ಮಖಮಲ್ಲು, ಜರಿ, ಕನ್ನಡಿ ಚೂರು. ನೋಡಿದರೆ ಅರಸು ಮಕ್ಕಳು ಕೂರುವಂತಿದೆ. ತಿರುಗಿಸಿ ಹಾಕಿದರೆ ಒಳಗೆ ಹಳೆಯ ಮರದ ಚೌಕಟ್ಟು, ಮೇಲೊಂದು ಗೋಣಿ ತುಂಡು. ಮದುಮಗ ಛತ್ರದ ಬಾಗಿಲವರೆಗೆ ಕೂರುವುದಕ್ಕೆ ಸರಿಹೋದೀತು. ದಿನಾ ಸಂಜೆ ಎರಡು ಗಂಟೆ ಹೊರುವ ಕುದುರೆಗೆ ಅದು ಶಿಕ್ಷೆ.

ಮೂರನೆಯದೇ ಅನಾಹುತ ತಂದದ್ದು. ರೇಸ್ ಕುದುರೆಗಳಿಗೆ ವ್ಯಾಯಾಮ ಮಾಡಿಸುವಾಗ ಹಾಕಿ ಹಳತಾದ ಜೀನು, ಸೆಕೆಂಡ್ ಹ್ಯಾಂಡ್, ಅಗ್ಗ. ಚರ್ಮ ಮೆತ್ತಗೆ, ಹೊಲಿಗೆ ಗಟ್ಟಿ, ತೂಕವೂ ಕಡಿಮೆ. ಇನ್ನೇನು ಬೇಕು? ಆದರೆ ರೇಸಿನ ಥರೋಬ್ರೆಡ್ ಕುದುರೆ ಉದ್ದ, ತೆಳು. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಅದರ ಹೆಗಲ ಉಬ್ಬು ಎದ್ದು ಕಾಣುತ್ತದೆ, ಎರಡೂ ಪಕ್ಕ ಮನೆಯ ಮಾಡಿನಂತೆ ಇಳಿಜಾರು. ಈ ತಟ್ಟು ಹಾಗಲ್ಲ. ಬೆನ್ನು ಗಿಡ್ಡ, ಪಕ್ಕೆಗಳು ಪೀಪಾಯಿಯಂತೆ ದುಂಡಗೆ, ಹೆಗಲ ಉಬ್ಬು ಇದೆಯೋ ಇಲ್ಲವೋ ಎನ್ನುವಷ್ಟು. ಥರೋಬ್ರೆಡ್ಡಿನ ಜೀನು ಇದರ ಬೆನ್ನ ಮೇಲೆ ಕೂರಲಿಲ್ಲ, ಕಚ್ಚಿಕೊಂಡಿತು.

ಕಚ್ಚುತ್ತಿದೆಯೆಂದು ತಿಳಿಯದ ಹುಡುಗ ಕೆಳಗೊಂದು ದಪ್ಪ ಕಂಬಳಿ ಹಾಕಿದ. ಮಾರನೆಯ ದಿನ ಇನ್ನೊಂದು. ಜೀನು ಕಂಡರೆ ಕಿವಿ ಹಿಂದಕ್ಕೆ ಮಡಿಸುವುದು, ಹೊಟ್ಟೆಪಟ್ಟಿ ಬಿಗಿಯುವಾಗ ತಲೆ ತಿರುಗಿಸಿ ಹಲ್ಲು ತೋರಿಸುವುದು, ಬೆನ್ನ ಮೇಲೆ ಕೈಯಿಟ್ಟರೆ ಕುಗ್ಗುವುದು, ಹೀಗೆ ಶುರುವಾಯಿತು. "ಜಾತ್ರೇಲಿ ಸಾಧುವಾಗಿತ್ತು, ಇಲ್ಲಿ ಬಂದು ಕೊಬ್ಬು ಬಂತು" ಎಂದರು ಅಕ್ಕಪಕ್ಕದವರು. ಒಂದು ವಾರ ಕಳೆಯುವಷ್ಟರಲ್ಲಿ ಹೆಗಲ ಉಬ್ಬಿನ ಎರಡೂ ಪಕ್ಕ ಅಡಿಕೆ ಗಾತ್ರದ ಊತ. ಒಂದು ಕಡೆ ಚರ್ಮ ಸುಲಿದು ನೀರು ಒಸರುತ್ತಿತ್ತು.

ಪಶು ಆಸ್ಪತ್ರೆಯ ಡಾಕ್ಟರು ನೋಡಿದರು. "ಗಾಯ ಪೂರ್ತಿ ಆರೋವರೆಗೂ ಬೆನ್ನ ಮೇಲೆ ಏನೂ ಬೀಳಬಾರದು. ಅರಿಸಿನ ಮೆತ್ತಿ ಅದರ ಮೇಲೇ ಜೀನು ಬಿಗಿಯೋ ಬುದ್ಧಿ ಮಾಡಬೇಡಪ್ಪಾ" ಎಂದು ಖಡಾಖಂಡಿತ ಹೇಳಿ ಮುಲಾಮು ಬರೆದುಕೊಟ್ಟರು. ಅಲ್ಲಿಗೆ ಸಂಪಾದನೆ ಬಂದ್. ಕುದುರೆಗೆ ಹುರುಳಿ, ಬೂಸ, ಹುಲ್ಲು ತಪ್ಪಿಸುವಂತಿಲ್ಲ. ಬಳೆ ಅಡವಿಟ್ಟ ಬಡ್ಡಿಯೂ ನಿಲ್ಲುವುದಿಲ್ಲ. ಅಗ್ಗದ ಜೀನು ಎಷ್ಟು ದುಬಾರಿಯೆಂದು ಮನೆಮಂದಿಗೆಲ್ಲಾ ಅರ್ಥವಾಯಿತು.

ಇಂಚು ಯಾರದ್ದು?

ಗಾಯ ಆರುತ್ತಿದ್ದಂತೆ ಹುಡುಗ ಹೊಸ ಜೀನು ತರಿಸಲು ಹೊರಟ. ಹೊಸ ಜೀನು ಎಂದರೆ ಎಲ್ಲರ ಬೆರಳೂ ಕಾನ್ಪುರದ ಕಡೆಗೆ. ಬ್ರಿಟಿಷರು ತಮ್ಮ ಸೈನ್ಯಕ್ಕಾಗಿ ಅಲ್ಲಿ ಜೀನಿನ ಕಾರ್ಖಾನೆ ತೆರೆದದ್ದು 19ನೇ ಶತಮಾನದಲ್ಲಿ. ಆ ಕಸುಬು ಊರಿಗೇ ಹಬ್ಬಿ, ಇಂದು ಅಲ್ಲಿಯ ಜೀನುಗಳು ಹೊರದೇಶಕ್ಕೂ ಹೋಗುತ್ತವೆ. ಕಾನ್ಪುರದ ಜೀನು ಸಾಮಾನಿಗೆ ಜಿ.ಐ. ಮಾನ್ಯತೆಯೂ ಸಿಕ್ಕಿದೆ. ಮೊಬೈಲಿನಲ್ಲಿ ನೋಡಿದರೆ 15 ಇಂಚು, 16 ಇಂಚು, 17 ಇಂಚು ಎಂದು ಸಾಲುಸಾಲು. ಸಣ್ಣ ಕುದುರೆಗೆ ಸಣ್ಣ ನಂಬರ್ ಎಂದುಕೊಂಡು ಹುಡುಗ 15 ಇಂಚಿಗೆ ದುಡ್ಡು ಕಟ್ಟುವುದರಲ್ಲಿದ್ದ.

ಇಲ್ಲೇ ಬಹಳ ಮಂದಿ ಮೋಸ ಹೋಗುವುದು. ಆ ಇಂಚು ಕುದುರೆಯದ್ದಲ್ಲ ಸ್ವಾಮಿ, ಕೂರುವವರದ್ದು! ಸವಾರನ ಕುಂಡೆಗೆ ಎಷ್ಟು ಜಾಗ ಬೇಕೆಂಬ ಲೆಕ್ಕ ಅದು. ಕುದುರೆಯ ಲೆಕ್ಕ ಬೇರೆಯೇ ಇದೆ. ಜೀನಿನ ಮುಂದಿನ ಕಮಾನು ಎಷ್ಟು ಅಗಲ? ಕಿರಿದೋ, ಮಧ್ಯಮವೋ, ಅಗಲವೋ? ಕೆಳಗಿನ ಮೆತ್ತೆಗಳು ಎಷ್ಟು ಉದ್ದ? ನಡುವಿನ ಕಾಲುವೆ ಎಷ್ಟು ಅಗಲ? ಇದನ್ನು ಕೇಳದೆ ಬರೀ ಇಂಚು ಕೇಳಿ ಜೀನು ತರಿಸುವುದೆಂದರೆ, ಅಳಿಯನ ಅಳತೆ ಕೊಟ್ಟು ಮಗಳಿಗೆ ರವಿಕೆ ಹೊಲಿಸಿದ ಹಾಗೆ.

ದುಡ್ಡು ಉಳಿಸಿದವರು ಅದೇ ಬೀದಿಯ ಹಿರಿಯರೊಬ್ಬರು. ಐವತ್ತು ವರ್ಷ ಟಾಂಗಾ ಹೊಡೆದು ಈಗ ಜಗುಲಿ ಹಿಡಿದವರು. ಹುಡುಗನ ಮೊಬೈಲ್ ಪಕ್ಕಕ್ಕಿಟ್ಟು, "ಬೇಟಾ, ಕುದುರೆ ನಿಂದು, ಅಳತೆ ಯಾರ್ದು ಕೊಡ್ತೀಯಾ?" ಎಂದು ಕೇಳಿದರು. "ಹೇಗೆ ತಗೋಳೋದು ಚಾಚಾ?" ಎಂದರೆ, "ಒಂದು ದಪ್ಪ ಕರೆಂಟ್ ವೈರ್ ತಾ, ಒಂದು ರಟ್ಟು ತಾ, ಕುದುರೇನ ಸಮ ನೆಲದಲ್ಲಿ ನಿಲ್ಸು" ಎಂದರು.

ವೈರು, ರಟ್ಟು, ಸೀಮೆಸುಣ್ಣ

ಕ್ರಮ ಬಹಳ ಸರಳ. ಮನೆಯಲ್ಲಿ ತಟ್ಟು ಇರುವವರೆಲ್ಲ ಮಾಡಬಹುದು.

ಮೊದಲು ಮುಂಗಾಲಿನ ಮೇಲಿನ ಹೆಗಲೆಲುಬು ಎಲ್ಲಿ ಮುಗಿಯುತ್ತದೆಂದು ಕೈಯಾಡಿಸಿ ನೋಡಬೇಕು. ಕುದುರೆ ಹೆಜ್ಜೆ ಹಾಕಿದಾಗ ಆ ಎಲುಬು ಹಿಂದಕ್ಕೆ ಸರಿಯುತ್ತದೆ. ಜೀನು ಅದರ ಮೇಲೆ ಕೂತರೆ ಹೆಜ್ಜೆ ಮೊಟಕಾಗುತ್ತದೆ. ಆದ್ದರಿಂದ ಜೀನಿನ ಚೌಕಟ್ಟು ಎಲುಬಿನ ಹಿಂದೆಯೇ ಇರಬೇಕು. ಇನ್ನು ಹಿಂಬದಿಯ ಎಲ್ಲೆ. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬು. ಕೊನೆಯ ಪಕ್ಕೆಲುಬನ್ನು ದಾಟಿ ಜೀನಿನ ಮೆತ್ತೆ ಹೋಗಬಾರದು. ಅದರಾಚೆ ಸೊಂಟ, ಅಲ್ಲಿ ಭಾರ ತಡೆಯುವ ಆಸರೆಯಿಲ್ಲ. ತಟ್ಟುವಿನ ಬೆನ್ನು ಗಿಡ್ಡವಾದ್ದರಿಂದ ಈ ಎರಡು ಎಲ್ಲೆಯ ನಡುವಿನ ಜಾಗವೂ ಕಡಿಮೆ. ದೊಡ್ಡ ಕುದುರೆಯ ಜೀನು ಇಲ್ಲಿ ಮುಂದಕ್ಕೋ ಹಿಂದಕ್ಕೋ ದಾಟಿಯೇ ದಾಟುತ್ತದೆ.

ಹೆಗಲೆಲುಬಿನ ಎರಡು ಬೆರಳು ಹಿಂದೆ ವೈರನ್ನು ಬೆನ್ನಿಗೆ ಅಡ್ಡ ಹಾಕಿ ಎರಡೂ ಪಕ್ಕ ಒತ್ತಬೇಕು. ಬೆನ್ನಿನ ಆಕಾರಕ್ಕೆ ವೈರು ಬಾಗುತ್ತದೆ. ಅದನ್ನು ಅಲುಗಿಸದೆ ಎತ್ತಿ ರಟ್ಟಿನ ಮೇಲಿಟ್ಟು ಪೆನ್ಸಿಲಿನಿಂದ ಗೀಟು ಎಳೆಯುವುದು. ಬೆನ್ನಿನ ನಡುವೆ ಒಂದು, ಜೀನು ಮುಗಿಯುವಲ್ಲಿ ಇನ್ನೊಂದು. ಮೂರು ಗೀಟಿನ ಮೇಲೆ ರಟ್ಟು ಕತ್ತರಿಸಿದರೆ ಕುದುರೆಯ ಬೆನ್ನು ಕೈಗೆ ಬಂತು. ಅಂಗಡಿಗೆ ಕುದುರೆ ಒಯ್ಯಲಾಗದು, ರಟ್ಟು ಒಯ್ಯಬಹುದು.

ಜೀನು ಸಿಕ್ಕ ಮೇಲೆ ಅದನ್ನು ಕಂಬಳಿಯಿಲ್ಲದೆ ಬರಿಯ ಬೆನ್ನ ಮೇಲಿಟ್ಟು ನೋಡಬೇಕು. ಮುಂದಿನ ಕಮಾನಿಗೂ ಹೆಗಲ ಉಬ್ಬಿಗೂ ನಡುವೆ, ಸವಾರ ಕೂತ ಮೇಲೂ, ಎರಡು ಮೂರು ಬೆರಳು ಆಡಬೇಕು. ಹಿಂದಿನಿಂದ ಬಗ್ಗಿ ನೋಡಿದರೆ ನಡುವಿನ ಕಾಲುವೆಯಲ್ಲಿ ಬೆಳಕು ಆಚೆ ಬದಿಗೆ ಕಾಣಬೇಕು. ಬೆನ್ನುಮೂಳೆಗೆ ಏನೂ ತಾಗಕೂಡದು. ಮೆತ್ತೆಯ ಕೆಳಗೆ ಅಂಗೈ ತೂರಿಸಿ ಮುಂದಿನಿಂದ ಹಿಂದಕ್ಕೆ ಸರಿಸಿದರೆ ಒತ್ತಡ ಎಲ್ಲೆಡೆ ಒಂದೇ ಸಮ ಇರಬೇಕು. ಒಂದು ಕಡೆ ಕೈ ಸಿಕ್ಕಿಕೊಂಡು ಇನ್ನೊಂದು ಕಡೆ ಪೊಳ್ಳು ಹೊಡೆದರೆ ಆ ಜೀನು ಬೇಡ. ಸಂಶಯವಿದ್ದರೆ ಮೆತ್ತೆಗೆ ಸೀಮೆಸುಣ್ಣದ ಪುಡಿ ಸವರಿ, ಬೆನ್ನ ಮೇಲೆ ತೆಳ್ಳನೆ ಕಪ್ಪು ಬಟ್ಟೆ ಹಾಸಿ ಜೀನು ಇಟ್ಟು ಎತ್ತಿದರಾಯಿತು. ಪುಡಿ ಎಲ್ಲಿ ಅಂಟಿದೆ, ಎಲ್ಲಿ ಅಂಟಿಲ್ಲವೆಂದು ಬಟ್ಟೆಯೇ ಹೇಳುತ್ತದೆ.

ಹಳೆಯ ಜೀನು ಕೊಳ್ಳುವವರು ಇನ್ನೊಂದು ಪರೀಕ್ಷೆ ಮರೆಯಬಾರದು. ಜೀನಿನ ಮುಂಭಾಗ ಹೊಟ್ಟೆಗಾನಿಸಿ, ಹಿಂಬದಿಯ ಏರನ್ನು ಎರಡೂ ಕೈಲಿ ಹಿಡಿದು ತಮ್ಮತ್ತ ಎಳೆಯಬೇಕು. ಕಿರ್ ಎಂದು ಸದ್ದಾದರೆ ಅಥವಾ ಕೂರುವ ಜಾಗದ ಚರ್ಮ ಸುಕ್ಕುಗಟ್ಟಿದರೆ ಒಳಗಿನ ಚೌಕಟ್ಟು ಮುರಿದಿರುವ ಸಂಭವವೇ ಹೆಚ್ಚು. ಮೇಲಿನ ಪಾಲೀಶು ಎಷ್ಟು ಮಿಂಚಿದರೂ ಅದು ಗುಜರಿ ಸಾಮಾನು.

ಜಾತ್ರೆಯಲ್ಲಿ ಕುದುರೆ ಕೊಳ್ಳುವಾಗಲೇ ಬೆನ್ನ ಮೇಲೆ ಅಲ್ಲಲ್ಲಿ ಬಿಳಿ ಕೂದಲಿನ ಮಚ್ಚೆ ಇದೆಯೇ ನೋಡಬೇಕು. ಹುಟ್ಟಿನಿಂದ ಬಂದ ಮಚ್ಚೆ ಬೇರೆ. ಜೀನು ಕೂರುವ ಜಾಗದಲ್ಲಿ ಮಾತ್ರ ಇರುವ ಮಚ್ಚೆ ಹಿಂದಿನ ಯಜಮಾನನ ಕರಾಮತ್ತು. ಜೀನು ಒತ್ತಿ ಚರ್ಮದೊಳಗೆ ಗಾಯವಾದರೆ ಆಮೇಲೆ ಅಲ್ಲಿ ಬಿಳಿ ಕೂದಲೇ ಹುಟ್ಟುತ್ತದೆ.

ಫುಟ್‌ಪಾತಿನ ಮೇಷ್ಟ್ರು

ರಟ್ಟು ಹಿಡಿದು ಹೊರಟ ಹುಡುಗ ಕೊನೆಗೆ ನಿಂತದ್ದು ಮಾರ್ಕೆಟ್ ಬಳಿ ಫುಟ್‌ಪಾತಿನಲ್ಲಿ ಬ್ಯಾಗು, ಬೆಲ್ಟು, ಚಪ್ಪಲಿ ಹೊಲಿಯುವ ನಡುವಯಸ್ಸಿನವರೊಬ್ಬರ ಮುಂದೆ. ಅವರ ತಂದೆ ಟಾಂಗಾ ಸಾಮಾನು ಹೊಲಿಯುತ್ತಿದ್ದವರು. "ಅಣ್ಣಾ, ರೇಸಿನ ಜೀನಿಗೆ ಇನ್ನೊಂದು ಕಂಬಳಿ ಹಾಕಿದ್ರೆ ನಡೀತದಾ?" ಎಂದು ಹುಡುಗ ಕೇಳಿದ. ಅವರು ತಲೆಯೆತ್ತದೆ, "ಮೆಟ್ಟು ಬಿಗಿಯಾದ್ರೆ ಎರಡು ಜೊತೆ ಕಾಲ್ಚೀಲ ಹಾಕ್ತೀರಾ ಸಾಬ್ರೇ?" ಎಂದರು. ಕಿರಿದಾದ ಜೀನಿಗೆ ಕಂಬಳಿ ಸೇರಿಸಿದಷ್ಟೂ ಬಿಗಿ ಜಾಸ್ತಿ. ಹುಡುಗ ದಿನಕ್ಕೊಂದು ಕಂಬಳಿ ಹಾಕಿ ಮಾಡಿದ್ದೂ ಅದೇ.

ಕಿರಿದಾದ ಚೌಕಟ್ಟನ್ನು ಅಗಲ ಮಾಡಲು ಅವರಿಂದಾಗದು. ಅದನ್ನು ಅವರು ನೇರವಾಗಿಯೇ ಹೇಳಿದರು. ಆದರೆ ಅಗಲವಾದ ಜೀನು ಸಿಕ್ಕರೆ ಮೆತ್ತೆ ಬಿಚ್ಚಿ, ಗಂಟುಗಟ್ಟಿದ ಉಣ್ಣೆ ತೆಗೆದು, ಹೊಸ ಉಣ್ಣೆ ಹಿಂಜಿ ತುಂಬಿ ರಟ್ಟಿಗೆ ಸರಿಯಾಗಿ ಕೂರಿಸಬಲ್ಲರು. ಇಬ್ಬರೂ ಸೇರಿ ಹುಡುಕಿದರು. ಮಕ್ಕಳಿಗೆ ಸವಾರಿ ಕಲಿಸುವವರೊಬ್ಬರ ಬಳಿ ಮೂಲೆ ಸೇರಿದ್ದ ಪೋನಿಯ ಜೀನು ಸಿಕ್ಕಿತು. ಚೌಕಟ್ಟು ಗಟ್ಟಿ, ಕಮಾನು ಅಗಲ, ಉದ್ದ ಕಡಿಮೆ, ಮೆತ್ತೆ ಮಾತ್ರ ಕಲ್ಲು. ಎರಡು ದಿನದ ಕೆಲಸ. ದುಂಡು ಬೆನ್ನಿನ ಮೇಲೆ ಜೀನು ಮುಂದಕ್ಕೆ ಜಾರದಂತೆ ಬಾಲದ ಬುಡಕ್ಕೆ ಸುತ್ತುವ ಮೆತ್ತನೆಯ ಪಟ್ಟಿಯೂ ಸೇರಿತು. ಹೊಟ್ಟೆಪಟ್ಟಿ ಮುಂಗಾಲಿನ ಮೊಣಕೈಗೆ ಉಜ್ಜದಂತೆ ನಾಲ್ಕು ಬೆರಳು ಹಿಂದೆ ಬಂತು.

ಗಾಯ ಆರಿ ಡಾಕ್ಟರು ಹೂಂ ಎಂದ ಮೇಲೆ ಕಡೆಯ ಪರೀಕ್ಷೆ. ಇಪ್ಪತ್ತು ನಿಮಿಷ ನಡೆಸಿ ಜೀನು ಎತ್ತಿ ಬೆವರು ನೋಡುವುದು. ಬೆನ್ನುಮೂಳೆಯ ಮೇಲೆ ಒಣಗಿದ್ದರೆ ಸರಿಯೇ, ಅಲ್ಲಿ ಜೀನು ತಾಗುವುದಿಲ್ಲ. ಅದರ ಎರಡೂ ಬದಿಯಲ್ಲಿ ಬೆವರು ಒಂದೇ ಸಮ ಹರಡಿರಬೇಕು. ಸುತ್ತ ಒದ್ದೆಯಿದ್ದು ನಡುವೆ ರೂಪಾಯಿಯಗಲ ಒಣಗಿದ್ದರೆ ಅಲ್ಲಿ ಜೀನು ಅತಿಯಾಗಿ ಒತ್ತಿದೆಯೆಂದು ಶಂಕಿಸಬೇಕು. ಈ ತಟ್ಟುವಿನ ಬೆನ್ನಿನಲ್ಲಿ ಎಡಗಡೆ ಅಂಥದೊಂದು ಕಲೆ ಕಂಡಿತು. ಮತ್ತೆ ಮೆತ್ತೆ ಬಿಚ್ಚಿ ಒಂದು ಹಿಡಿ ಉಣ್ಣೆ ತೆಗೆದ ಮೇಲೆ ಸರಿಹೋಯಿತು. ಈಗ ಜೀನು ತಂದರೆ ಕುದುರೆ ಕಿವಿ ಮಡಿಸುವುದಿಲ್ಲ. ಕೊಬ್ಬು ಎಂದವರು ಸುಮ್ಮನಾಗಿದ್ದಾರೆ.

ಇಷ್ಟಕ್ಕೇ ಮುಗಿಯಿತೆನ್ನುವಂತಿಲ್ಲ. ಮಳೆಗಾಲದಲ್ಲಿ ಹಸಿಹುಲ್ಲು ತಿಂದು ತಟ್ಟು ದಪ್ಪವಾಗುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಇಂದು ಒಪ್ಪಿದ ಜೀನು ಆರು ತಿಂಗಳಿಗೆ ಒಪ್ಪದೆ ಹೋಗಬಹುದು. ರಟ್ಟು ಎಸೆಯದೆ ಗೋಡೆಗೆ ನೇತುಹಾಕಿ, ಆಗಾಗ ಬೆನ್ನಿಗಿಟ್ಟು ನೋಡುವುದು ಲೇಸು.

ಭಾರ ಎಷ್ಟು?

ಜೀನು ಎಷ್ಟೇ ಚೆನ್ನಾಗಿರಲಿ, ಮಿತಿಮೀರಿದ ಭಾರಕ್ಕೆ ಅದು ಮದ್ದಲ್ಲ. 14.2 ಹ್ಯಾಂಡ್, ಅಂದರೆ 58 ಇಂಚಿನವರೆಗಿನ ಕುದುರೆಯನ್ನು ಪೋನಿ ಎನ್ನುವುದು ರೂಢಿ. ಅವುಗಳಲ್ಲೂ ಸಣ್ಣದು, ದೊಡ್ಡದು ಉಂಟು. ತಕ್ಕಡಿಯಿಲ್ಲದಿದ್ದರೂ ಟೇಪಿನಲ್ಲಿ ತೂಕ ಅಂದಾಜು ಮಾಡಬಹುದು. ಮುಂಗಾಲ ಹಿಂದಿನ ಎದೆಸುತ್ತು ಇಂಚಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಎದೆಯ ಮುಂತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 330ರಿಂದ ಭಾಗಿಸಿದರೆ ತೂಕ ಪೌಂಡಿನಲ್ಲಿ ಬರುತ್ತದೆ. ಸುತ್ತು 58, ಉದ್ದ 50 ಇದ್ದರೆ ಸುಮಾರು 510 ಪೌಂಡು, ಅಂದರೆ 230 ಕಿಲೋ.

ಕುದುರೆಯ ತೂಕದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹೊರಿಸಬಾರದೆಂಬುದು ಬಲ್ಲವರು ಹೇಳುವ ಸಾಮಾನ್ಯ ಲೆಕ್ಕ. 230 ಕಿಲೋ ತಟ್ಟುವಿಗೆ ಅದು 46 ಕಿಲೋ, ಜೀನಿನ ತೂಕವೂ ಸೇರಿ. ಮಗು ಕೂರಬಹುದು. ಮಗುವಿನ ಜೊತೆ ಫೋಟೋಕ್ಕೆಂದು ಅಪ್ಪನೂ ಹತ್ತುವುದು ಬೇಡ. ಕೇಂದ್ರ ಸರ್ಕಾರದ 1965ರ ನಿಯಮಗಳು ಪೋನಿಯ ಬೆನ್ನಿಗೆ 70 ಕಿಲೋ ಗರಿಷ್ಠ ಮಿತಿ ಹಾಕಿವೆ. ಆದರೆ ಅದು ಮೀರಬಾರದ ಗೆರೆಯೇ ಹೊರತು, ಎಲ್ಲ ತಟ್ಟುವಿಗೂ ಅಷ್ಟು ಹೊರಿಸಿ ಎಂಬ ಅಪ್ಪಣೆಯಲ್ಲ.

ಗಾಯವಾದ ಪ್ರಾಣಿಯಿಂದ ಕೆಲಸ ಮಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಆಗ ಬರೆದ ದಂಡ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ! ಅಷ್ಟು ದಂಡಕ್ಕೆ ಹೆದರಿ ಜೀನು ಬದಲಿಸುವವರು ಯಾರು? ಹೆದರಿಸುವುದಕ್ಕಿಂತ ತಿಳಿಸಿಕೊಡುವುದು ಮೇಲು.

ಒಂದು ದಿನದ ಕೆಲಸ

ಜೀನಿನ ಕಸುಬು ಈ ಸೀಮೆಗೆ ಹೊಸದೇನಲ್ಲ. ಜೀನು ಮಾಡುವ ಕಸುಬಿನಿಂದಲೇ ಜೀನಗಾರರೆಂಬ ಹೆಸರು ಬಂದದ್ದು. ಕುದುರೆ ಸೈನ್ಯ ಕರಗಿದ ಮೇಲೆ ಬೇರೆ ಬೇರೆ ಕಸುಬು ಹಿಡಿದವರು ಅವರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರಿದ್ದರು. ಅಂಥ ಊರಿನಲ್ಲಿ ಒಂದು ತಟ್ಟುವಿಗೆ ಜೀನು ಹೊಂದಿಸಲು ಊರೆಲ್ಲ ಅಲೆಯಬೇಕಾಗಿ ಬಂದದ್ದು ವಿಪರ್ಯಾಸ.

ಆದರೂ ಊರು ಪೂರ್ತಿ ಬರಿದಾಗಿಲ್ಲ. ದಸರಾ ಮೆರವಣಿಗೆಯಲ್ಲಿ ಸಾಗುವ ಪೊಲೀಸ್ ಅಶ್ವದಳ ಇಲ್ಲೇ ಇದೆ. ಕುದುರೆಯ ಬೆನ್ನು ಬಲ್ಲವರು ಅಲ್ಲಿದ್ದಾರೆ. ಪಶು ಆಸ್ಪತ್ರೆ ಇದೆ. ಜಗುಲಿಯ ಮೇಲೆ ಚಾಚಾ ಇದ್ದಾರೆ, ಫುಟ್‌ಪಾತಿನಲ್ಲಿ ಸೂಜಿ ಹಿಡಿದವರಿದ್ದಾರೆ. ಇವರು ಒಂದೆಡೆ ಸೇರುವುದೊಂದೇ ಬಾಕಿ. ದಸರಾ ಜನಜಂಗುಳಿ ಶುರುವಾಗುವ ಮುಂಚೆ ಪ್ರತಿ ವರ್ಷ ಒಂದು ದಿನ, ಟಾಂಗಾ ಕುದುರೆ, ಸವಾರಿ ತಟ್ಟು, ಮದುವೆ ಕುದುರೆಗಳನ್ನೆಲ್ಲ ಒಂದು ಮೈದಾನಕ್ಕೆ ಕರೆಸಿ ಬೆನ್ನು ನೋಡಿ, ಜೀನು ನೋಡಿ, ಮೆತ್ತೆ ರಿಪೇರಿ ಮಾಡಿಸಿಕೊಟ್ಟರೆ ಖಜಾನೆಯೇನೂ ಬರಿದಾಗದು. ಹುಡುಗನಂಥ ಹತ್ತಾರು ಮನೆಗಳ ಬಳೆ ಅಡವಿನಂಗಡಿಯಿಂದ ಬೇಗ ವಾಪಸ್ಸು ಬಂದೀತು.

ಪಶುಪಾಲನಾ ಇಲಾಖೆಯವರೂ ನಗರಪಾಲಿಕೆಯವರೂ ಇತ್ತ ಗಮನ ಹರಿಸುವರೇ? ಅಲ್ಲಿಯವರೆಗೆ ಮಗುವನ್ನು ಸವಾರಿಗೆ ಕೂರಿಸುವ ತಾಯಿ ತಂದೆಯರು ಒಂದು ಕೆಲಸ ಮಾಡಬಹುದು. ದುಡ್ಡು ಕೊಡುವ ಮುಂಚೆ, "ಜೀನು ಎತ್ತಿ ಬೆನ್ನು ತೋರ್ಸಪ್ಪಾ" ಎಂದು ಕೇಳಿ ನೋಡಲಿ.